ಕಟ್ಟಿದವನು ಕೆಳಗೆ ಕೂರಬೇಕು

ಹೊಸಕೋಟೆ

ವಿಲಾಯ್ತಿಗೆ ಹೋಗಿಬಂದವರೆಲ್ಲ ಅಲ್ಲಿನ ಅರಮನೆ, ಗಡಿಯಾರದ ಗೋಪುರ, ಮಂಜು ಇವನ್ನ ವರ್ಣಿಸ್ತಾರೆ. ನನ್ನ ಕೈಲಿ ಅದಾಗಲ್ಲ. ನಾನು ಆ ದೇಶವನ್ನ ಹೆಚ್ಚಾಗಿ ನೋಡಿದ್ದು ಅಂಗಾತ ಮಲಗಿ, ಮೋಟಾರುಗಳ ಅಡಿಯಿಂದ. ಹಾಗೆ ನೋಡಿದವರು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲವಾದ್ದರಿಂದ ಧೈರ್ಯವಾಗಿ ಬರೀತಿದ್ದೀನಿ.

ನಾನು ಮುನಿವೀರಾಚಾರಿ. ಹೊಸಕೋಟೆಯಲ್ಲಿ ಮದರಾಸು ರಸ್ತೆಯ ಪಕ್ಕ ಬಸ್ಸಿಗೆ ಬಾಡಿ ಕಟ್ಟುವ ಷೆಡ್ಡು ನನ್ನದು. ಬಸ್ಸು ಅಂದರೆ ಅಂಗಡಿಯಲ್ಲಿ ಇಡಿಯಾಗಿ ಸಿಗೋ ಪದಾರ್ಥ ಅಂತ ತಿಳಿದವರು ಬಹಳ ಜನ. ಅಲ್ಲಿಂದ ಬರೋದು ಬರೀ ಚಾಸಿ. ಎರಡು ಉದ್ದನೆಯ ಉಕ್ಕಿನ ಪಟ್ಟಿ, ಅದರ ಮೇಲೊಂದು ಇಂಜಿನ್ನು, ಕೆಳಗೆ ಚಕ್ರ, ಮುಂದೊಂದು ಸ್ಟೀರಿಂಗು, ಅಷ್ಟೇ. ಗೋಡೆ ಇಲ್ಲ, ಚಾವಣಿ ಇಲ್ಲ, ಡ್ರೈವರಿಗೆ ಕೂರೋಕೆ ಸೀಟೂ ಇಲ್ಲ. ಮದರಾಸಿನ ಬಂದರಿನಲ್ಲಿ ಅದು ಇಳಿದ ಮೇಲೆ ಒಂದು ಮರದ ಪೆಟ್ಟಿಗೆಯನ್ನ ಹಗ್ಗದಲ್ಲಿ ಬಿಗಿದು, ಅದರ ಮೇಲೆ ಕೂತು, ಬಿಸಿಲು ಧೂಳು ಎರಡನ್ನೂ ಕುಡೀತಾ ಹೊಸಕೋಟೆ ತನಕ ಓಡಿಸಿಕೊಂಡು ಬರಬೇಕು. ಆಮೇಲೆ ಅದಕ್ಕೆ ತೇಗದ ಕಮಾನು ನಿಲ್ಲಿಸಿ, ತಗಡು ಹೊಡೆದು, ಬೆಂಚು ಹಾಕಿ ಅದನ್ನ ಬಸ್ಸು ಮಾಡೋದು ನಾವು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನ ಒಲೆಯನ್ನ ಬಸ್ಸಿನ ಬೆನ್ನಿಗೆ ಕಟ್ಟಬೇಕಾಯಿತಲ್ಲ, ಆಗ ಹಿಂದಿನ ಬೆಂಚು ಕಿತ್ತು ಒಲೆಗೆ ಜಾಗ ಮಾಡಿದ್ದೂ ನಾವೇ. ಯುದ್ಧ ಮುಗಿದ ಮೇಲೆ ಒಲೆ ಕಿತ್ತು ಬೆಂಚು ಕೂರಿಸಿದ್ದೂ ನಾವೇ.

ನಮ್ಮ ಷೆಡ್ಡಿಗೆ ಒಂದು ಪದ್ಧತಿ ಇದೆ. ಬಾಡಿ ಮುಗಿದ ದಿನ ಪೂಜೆ ಆಗಿ, ನಿಂಬೆಹಣ್ಣಿನ ಮೇಲೆ ಚಕ್ರ ಹರಿದ ಮೇಲೆ, ಬಸ್ಸಿನ ಯಜಮಾನ ತನ್ನ ಕಡೆಯವರನ್ನೆಲ್ಲ ಕರಕೊಂಡು ಚಾವಣಿ ಹತ್ತಿ ಕೂರಬೇಕು. ಕಟ್ಟಿದವನು, ಅಂದರೆ ನಾನು, ಒಳಗೆ ಸರಿಯಾಗಿ ಅವರ ಕೆಳಗೆ ಕೂರಬೇಕು. ಬಸ್ಸು ಕೆರೆ ಏರಿ ಮೇಲೆ ಹೋಗಿ ಬರಬೇಕು. ಚಾವಣಿ ಕುಸಿದರೆ ಮೊದಲು ನನ್ನ ತಲೆ. ಇದು ನಮ್ಮಪ್ಪನ ಕಾಲದಿಂದ ಬಂದದ್ದು. ಅವರು ಎತ್ತಿನ ಗಾಡಿ ಮಾಡಿ ಮುಗಿಸಿದ ದಿನ ಅದರ ಅಡೀಲಿ ಮಲಗಿ, ಮೇಲೆ ರಾಗಿ ಮೂಟೆ ಹೇರಿಸ್ತಿದ್ದರು.

ಹೊಸಕೋಟೆಯಿಂದ ಸೂಲಿಬೆಲೆ ಮೇಲೆ ದೇವನಹಳ್ಳಿಗೆ ಬಸ್ಸು ಬಿಡುವ ಬಾಷಾ ಸಾಹೇಬರು ನಮ್ಮ ಷೆಡ್ಡಿನ ದೊಡ್ಡ ಗಿರಾಕಿ. ಅವರ ಬಸ್ಸುಗಳೆಲ್ಲ ಒಂದೇ ಕಾರ್ಖಾನೆಯ ಚಾಸಿಯವು, ಎಲ್ಲ ಮುದಿಯಾಗಿದ್ದವು, ಎಲ್ಲವನ್ನೂ ಬದಲಾಯಿಸೋ ಕಾಲ ಬಂದಿತ್ತು. ಅದೇ ಹೊತ್ತಿಗೆ ಬೆಂಗಳೂರಿನ ಏಜೆಂಟರು ಒಂದು ಸುದ್ದಿ ಹೇಳಿದರು. ಆ ಕಾರ್ಖಾನೆಯವರು ನಮ್ಮ ಚಾಸಿ ನಿಲ್ಲಿಸಿ, ಇನ್ನು ಮೇಲೆ ಉಕ್ಕಿನ ಬಸ್ಸನ್ನ ಇಡಿಯಾಗಿ ತಾವೇ ಕಟ್ಟಿ ಕಳಿಸ್ತಾರಂತೆ. ಬೇಕಾದರೆ ಬಂದು ನೋಡಬಹುದಂತೆ. ಸಾಹೇಬರು ಅದಕ್ಕೆ ಹೂಂ ಅಂದರೆ ನನ್ನ ಷೆಡ್ಡಿಗೆ ಬೀಗ.

ಸಾಹೇಬರು ಮುಚ್ಚುಮರೆಯ ಮನುಷ್ಯ ಅಲ್ಲ. ನೇರವಾಗಿ ಷೆಡ್ಡಿಗೇ ಬಂದರು.

"ಆಚಾರ್ರೇ, ನಾನು ನೋಡ್ಕೊಂಡ್ ಬರೋಕೆ ಹೋಗ್ತಾ ಇದ್ದೀನಿ. ನೀವೂ ಬನ್ನಿ. ಬೆನ್ನ ಹಿಂದೆ ಮಾಡ್ದೆ ಅಂತ ನಾಳೆ ಅನ್ನಬಾರದು."

"ಬರ್ತೀನಿ ಸಾಹೇಬ್ರೇ. ನಿಮ್ಮೊಬ್ರನ್ನೇ ಬಿಟ್ರೆ ಬಣ್ಣ ನೋಡಿ ಬಿದ್ದೋಗ್ತೀರಿ," ಅಂದೆ.

ನಮ್ಮ ಮನೆಯವಳು ಒಂದು ಡಬ್ಬ ಹುರಿಹಿಟ್ಟು ಕಟ್ಟಿಕೊಟ್ಟಳು. "ಸಮುದ್ರ ದಾಟಿ ಹೋಗಿ ಯಾರದೋ ಮೋಟಾರಿನ ಕೆಳಗೆ ಮಲಗಬೇಡಿ," ಅಂತ ಹೇಳಿಯೂ ಕಳಿಸಿದಳು. ನನ್ನ ಗುಣ ಅವಳಿಗೆ ಗೊತ್ತು.

ಹಡಗು

ಬೊಂಬಾಯಿ ಬಿಟ್ಟ ಮಾರನೇ ದಿನವೇ ಸಾಹೇಬರು ಮಲಗಿಬಿಟ್ಟರು. ನಾನು ಅವರ ಪಕ್ಕ ಕೂತು, ಇದೆಲ್ಲ ಮನಸ್ಸಿನ ದೌರ್ಬಲ್ಯ, ಎತ್ತಿನ ಗಾಡಿಯಲ್ಲಿ ಓಡಾಡಿದವರಿಗೆ ಇದು ಯಾವ ಲೆಕ್ಕ ಅಂತ ಬುದ್ಧಿ ಹೇಳಿದೆ. ಅವರು ಎದ್ದು ಓಡಾಡೋ ಹೊತ್ತಿಗೆ ನಾನು ಮಲಗಿದೆ. ಅವರು ನನ್ನ ಪಕ್ಕ ಕೂತು ನನ್ನ ಮಾತನ್ನೇ ಒಂದಕ್ಷರ ಬಿಡದೆ ನನಗೆ ಒಪ್ಪಿಸಿದರು.

ಊಟದ ಕಷ್ಟ ಇಬ್ಬರಿಗೂ ಒಂದೇ. ನಾನು ಮಾಂಸ ಮುಟ್ಟೋನಲ್ಲ. ಸಾಹೇಬರು ಮುಟ್ಟೋರೇ, ಆದರೆ ಹಲಾಲ್ ಆಗದ್ದನ್ನ ಮುಟ್ಟೋರಲ್ಲ. ಹೀಗಾಗಿ ಇಬ್ಬರೂ ಬೇಯಿಸಿದ ಆಲೂಗೆಡ್ಡೆ ಮತ್ತು ನಮ್ಮ ಹುರಿಹಿಟ್ಟಿನ ಮೇಲೆ ಸಮುದ್ರ ದಾಟಿದೆವು. ಜಗತ್ತಿನಲ್ಲಿ ಇಷ್ಟು ರುಚಿಯ ಪದಾರ್ಥ ಇಲ್ಲ ಅಂತ ಸಾಹೇಬರು ಹೇಳಿದಾಗ ನನಗೆ ಮನೆ ನೆನಪಾಗಿ ಕಣ್ಣು ತುಂಬಿತು.

ಲಂಡನ್

ಆ ಊರಿನಲ್ಲಿ ಬಸ್ಸಿಗೆ ಸಾಲು ನಿಲ್ತಾರೆ. ಒಬ್ಬರ ಹಿಂದೆ ಒಬ್ಬರು, ಮಾತಿಲ್ಲ ಕತೆಯಿಲ್ಲ. ಬಸ್ಸು ಬಂದರೂ ಓಡಲ್ಲ. ನನಗೆ ಇದು ತಿಳಿಯದೆ, ಬಸ್ಸು ಇನ್ನೂ ನಿಲ್ಲೋ ಮೊದಲೇ ಹೆಗಲ ಮೇಲಿನ ಟವಲ್ಲು ತೆಗೆದು ಕಿಟಕಿಯಿಂದ ಒಳಗೆ ಎಸೆದೆ. ನಮ್ಮಲ್ಲಿ ಹೊಸಕೋಟೆ ಸಂತೆ ದಿನ ಸೀಟು ಹಿಡಿಯೋ ರೀತಿ ಅದೇ ತಾನೇ. ಟವಲ್ಲು ಒಬ್ಬ ಅಜ್ಜಿಯ ಮಡಿಲಿಗೆ ಬಿತ್ತು. ನಾವು ಸಾಲಿನಲ್ಲಿ ಬಂದು ಹತ್ತೋ ಹೊತ್ತಿಗೆ ಆಕೆ ಅದನ್ನ ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಳು. ಕೊಟ್ಟು, ಥ್ಯಾಂಕ್ಯೂ ಅಂತ ತಾನೇ ಹೇಳಿದಳು. ಸಾಹೇಬರು ನನ್ನ ಗುರುತೇ ಇಲ್ಲದವರ ಹಾಗೆ ಮುಂದೆ ಹೋಗಿ ಕೂತರು.

ಅದೇ ಮಧ್ಯಾಹ್ನ ಕಾರು ಮಾರುವ ಒಂದು ದೊಡ್ಡ ಮಳಿಗೆಗೆ ಹೋದೆವು. ಗಾಜಿನ ಗೋಡೆ, ಕನ್ನಡಿಯಂಥ ನೆಲ, ನೆಲದ ಮೇಲೆ ಮೂರು ಕಾರು. ಒಂದಕ್ಕೆ ರಾಜವಂಶದ ಹೆಸರು, ಒಂದಕ್ಕೆ ಹಕ್ಕಿಯ ಹೆಸರು, ಇನ್ನೊಂದಕ್ಕೆ ಯಾವುದೋ ನದಿಯ ಹೆಸರು. ಮೂತಿಯೂ ಬೇರೆ ಬೇರೆ. ಸಾಹೇಬರು ಹಕ್ಕಿಯದನ್ನ ಸುತ್ತು ಹಾಕಿ, "ಇದು ಗಟ್ಟಿ ಮಾಲು ಆಚಾರ್ರೇ, ನೋಡಿದ್ರೆ ಗೊತ್ತಾಗ್ತದೆ," ಅಂದರು.

ತಾಯಿ ನೋಡಿ ಹೆಣ್ಣು ತಗೋ, ನೊರೆ ನೋಡಿ ಎಮ್ಮೆ ತಗೋ ಅಂತಾರೆ ನಮ್ಮಲ್ಲಿ. ಮೋಟಾರಿಗೆ ಆ ಗಾದೆ ಮಾಡಿದ್ದರೆ ತಳ ನೋಡಿ ತಗೋ ಅಂತಿದ್ದರು. ಮನೆಯವಳ ಮಾತು ನೆನಪಿದ್ದರೂ ಕೋಟು ಬಿಚ್ಚಿ ಸಾಹೇಬರ ಕೈಗೆ ಕೊಟ್ಟು, ಪೇಟ ನೆಲಕ್ಕಿಟ್ಟು, ಹಕ್ಕಿಯ ಕೆಳಗೆ ನುಗ್ಗಿದೆ. ಆಮೇಲೆ ರಾಜವಂಶದ ಕೆಳಗೆ. ಆಮೇಲೆ ನದಿಯ ಕೆಳಗೆ. ಅದೇ ಪಟ್ಟಿ, ಅದೇ ಅಡ್ಡಪಟ್ಟಿ, ರಿವೀಟು ಹೊಡೆದ ಜಾಗ ಕೂಡ ಅದೇ. ಒಂದೇ ತಾಯಿಯ ಮೂರು ಮಕ್ಕಳಿಗೆ ಬೇರೆ ಬೇರೆ ಅಂಗಿ ತೊಡಿಸಿ ನಿಲ್ಲಿಸಿದ್ದರು.

ಈಚೆ ಬಂದರೆ ಮಳಿಗೆಯವನ ಮುಖ ಕೆಂಪಗಾಗಿದೆ. ನನಗೆ ಮೂರ್ಛೆ ಬಂತು ಅಂತ ತಿಳಿದ ಒಬ್ಬ ಹೆಂಗಸು ನೀರು ತರಿಸಿದ್ದಾಳೆ. ಬೇಡ ಅನ್ನೋಕಾಗದೆ ಕುಡಿದೆ. ಮೂರಕ್ಕೂ ತಳ ಒಂದೇ ಅಂತ ಸಾಹೇಬರಿಗೆ ಹೇಳಿದೆ. ಕಂಟೋನ್ಮೆಂಟಿನ ದೊರೆಗಳ ಜೊತೆ ವ್ಯಾಪಾರ ಮಾಡಿ ಇಂಗ್ಲಿಷು ಕಲಿತಿದ್ದ ಸಾಹೇಬರು ಅದನ್ನ ಮಳಿಗೆಯವನಿಗೆ ಹೇಳಿದರು. ಅವನು ಸುತ್ತ ನೋಡಿ, ದನಿ ತಗ್ಗಿಸಿ, ಹೌದು ಅಂತ ಒಪ್ಪಿದ. ಮೂರು ಹಳೆಯ ಕಂಪನಿಗಳನ್ನ ಒಬ್ಬನೇ ಯಜಮಾನ ಕೊಂಡಿದ್ದನಂತೆ. ಹೆಸರು ಬಿಟ್ಟರೆ ಗಿರಾಕಿ ಬಿಟ್ಟುಹೋಗ್ತಾನೆ, ಮೂರು ತಳ ಮಾಡಿದರೆ ಖರ್ಚು ಹೆಚ್ಚು, ಅದಕ್ಕೆ ಹೆಸರು ಮೂರು ತಳ ಒಂದು. ಸಾಹೇಬರು ಹಕ್ಕಿಯ ಕಡೆ ಮತ್ತೆ ತಿರುಗಿ ನೋಡಲಿಲ್ಲ.

ಕಾರ್ಖಾನೆಯ ಊರು, ಮೊದಲ ದಿನ

ರೈಲಿಳಿದರೆ ಊರಿಗೆ ಊರೇ ಹೊಗೆ. ಕಾರ್ಖಾನೆಯ ಬಾಗಿಲಲ್ಲಿ ಕ್ರಾಫ್ಟನ್ ಅನ್ನೋ ಇಂಜಿನಿಯರು ನಮಗಾಗಿ ಕಾದಿದ್ದ. ಉದ್ದ ಕತ್ತಿನ, ತೇಪೆ ಹಾಕಿದ ಕೋಟಿನ ಮನುಷ್ಯ. ನಾನು ಅಭ್ಯಾಸಬಲದಿಂದ ದೊರೆ ಅಂದೆ. ಸ್ವಾತಂತ್ರ್ಯ ಬಂದಾಗಿದೆ, ಇನ್ನು ಅದನ್ನ ಬಿಡಿ ಅಂತ ಸಾಹೇಬರು ಗದರಿದರು.

ಅಂಗಳದಲ್ಲಿ ಒಂದು ಬೋಳು ಚಾಸಿಯನ್ನ ಓಡಿಸಿ ನೋಡ್ತಿದ್ದರು. ಓಡಿಸೋನು ಮರದ ಪೆಟ್ಟಿಗೆ ಹಗ್ಗದಲ್ಲಿ ಬಿಗಿದು ಅದರ ಮೇಲೆ ಕೂತಿದ್ದ. ಆ ಚಳಿಯಲ್ಲಿ ಮೂಗು ಟೊಮೇಟೊ ಆಗಿತ್ತು. ಅದನ್ನ ನೋಡಿದ ಮೇಲೆ ನನಗೆ ಅದು ಪರದೇಶ ಅನ್ನಿಸಲೇ ಇಲ್ಲ.

ಕ್ರಾಫ್ಟನ್ನನ ಕೋಣೆಯ ಗೋಡೆ ತುಂಬ ಒಂದು ನಕ್ಷೆ. ಅವರು ಮಾಡುವ ಚಾಸಿಗಳೆಲ್ಲ ವಂಶವೃಕ್ಷದ ಹಾಗೆ ಅದರಲ್ಲಿದ್ದವು. ಅವನು ಕೋಲಿನಲ್ಲಿ ತೋರಿಸಿ ವಿವರಿಸಿದ, ಸಾಹೇಬರು ಕನ್ನಡ ಮಾಡಿದರು. ಹೆಸರಿನ ಮೊದಲ ಅಕ್ಷರ ಅದು ಯಾವ ತಳ ಅಂತ ಹೇಳುತ್ತೆ. ನಡುವಿನ ಅಂಕಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಉದ್ದ. ಕೊನೆಯ ಅಕ್ಷರ ಅದು ಯಾವ ಕಡೆಗೆ ಹೋಗೋದು, ಏನು ಕೆಲಸಕ್ಕೆ ಅನ್ನೋದು. ಕೆ ಅನ್ನೋ ತಳದ ಮೇಲೆ ಬಸ್ಸು, ಲಾರಿ, ಬೆಂಕಿ ಆರಿಸೋ ಗಾಡಿ ಎಲ್ಲ ನಿಲ್ತಾವೆ. ಹೊಸಕೋಟೆಗೆ ಬರೋದೂ ಕೆ ತಳವೇ.

"ಇದರಲ್ಲೇನಿದೆ," ಅಂದೆ. "ನಮ್ಮ ತಾತ ಮುನಿಶಾಮಾಚಾರಿ, ನಾನು ಮುನಿವೀರಾಚಾರಿ, ತಮ್ಮ ಮುನಿಕೃಷ್ಣ, ತಂಗಿ ಮುನಿಯಮ್ಮ, ಮಗ ಮುನಿರಾಜು. ನಮ್ ಕಡೆ ಮುನೇಶ್ವರನಿಗೆ ಹರಕೆ ಹೊತ್ತು ಹುಟ್ಟಿದೋರೆಲ್ಲ ಮುನೀನೇ. ಮುನಿ ಅನ್ನೋದು ಚಾಸಿ, ಮುಂದಿಂದು ಬಾಡಿ. ಹೇಳಿ ಸಾಹೇಬ್ರೇ ಅವನಿಗೆ."

ಸಾಹೇಬರು ಹೇಳಿದರು. ಹೇಳಿ, "ನಮ್ಮಲ್ಲೂ ಅಷ್ಟೇ, ಅಬ್ದುಲ್ ಅನ್ನೋದು ಚಾಸಿ," ಅಂತ ತಮ್ಮದನ್ನೂ ಸೇರಿಸಿದರು. ಕ್ರಾಫ್ಟನ್ ಹೊಟ್ಟೆ ಹಿಡಕೊಂಡು ನಕ್ಕ. ಅವರ ಮನೆಯಲ್ಲಿ ಹಿರೀಮಗ ಅಂದರೆ ವಿಲಿಯಂ ಅಂತೆ, ನಾಲ್ಕು ತಲೆಮಾರಿನಿಂದ.

ಆಮೇಲೆ ಅವನ ಕೋಲು ಒಂದು ಕೆಂಪು ಗೆರೆಯ ಮೇಲೆ ಬಂದು ನಿಂತಿತು. ಗೆರೆ ಕೆ ಮೇಲೆ ಎಳೆದಿತ್ತು. ಬೇರೆ ಬೇರೆ ತಳ ಇಟ್ಟುಕೊಂಡರೆ ಒಂದೊಂದಕ್ಕೂ ಬೇರೆ ಅಚ್ಚು, ಬೇರೆ ಬಿಡಿಭಾಗ, ಬೇರೆ ಉಗ್ರಾಣ. ಆದ್ದರಿಂದ ತಳಗಳನ್ನ ಕಮ್ಮಿ ಮಾಡ್ತಿದ್ದೀವಿ ಅಂದ. ಹೊಸ ಬಸ್ಸಿನಲ್ಲಿ ತಳ ಬೇರೆ ಮೈ ಬೇರೆ ಅನ್ನೋದೇ ಇಲ್ಲ. ನೆಲ, ಗೋಡೆ, ಚಾವಣಿ ಎಲ್ಲ ಸೇರಿ ಒಂದು ಪೆಟ್ಟಿಗೆ, ಎಲ್ಲ ಸೇರಿಯೇ ಭಾರ ಹೊರುತ್ತೆ. ತಳವೇ ಇಲ್ಲದಿದ್ದರೆ ನಾನು ಕಟ್ಟೋದು ಯಾವುದರ ಮೇಲೆ?

ಆ ಬಸ್ಸನ್ನ ತೋರಿಸಿದ. ಸುಳ್ಳು ಯಾಕೆ ಹೇಳಲಿ, ಚೆಂದವಿತ್ತು. ಸಾಹೇಬರು ಮೆತ್ತನೆಯ ಸೀಟಿನಲ್ಲಿ ಕೂತು, ಜಾರುವ ಗಾಜಿನ ಕಿಟಕಿಯನ್ನ ಒಂದು ಸಲ ತೆಗೆದರು, ಒಂದು ಸಲ ಮುಚ್ಚಿದರು, ಮತ್ತೆ ತೆಗೆದರು.

"ಧೂಳು ಬರಲ್ಲ ಆಚಾರ್ರೇ. ನಮ್ಮ ಬಸ್ಸಲ್ಲಿ ಸೂಲಿಬೆಲೇಲಿ ಹತ್ತಿದ ಬಿಳೀ ಪಂಚೆ ಹೊಸಕೋಟೇಲಿ ಇಳಿಯೋವಾಗ ಕೆಂಪಾಗಿರ್ತದೆ."

ಅವರು ಹೇಳಿದ್ದು ನಿಜ.

ಸಾಯಂಕಾಲ ನಾವು ಇಳಿದಿದ್ದ ಮನೆಯಲ್ಲಿ ಮತ್ತೆ ಆಲೂಗೆಡ್ಡೆ. ಯಜಮಾನಿ ಹೆಂಗಸು ರೇಷನ್ನಿನ ಸಕ್ಕರೆಯಲ್ಲಿ ತನ್ನ ಪಾಲನ್ನ ನಮ್ಮ ಹುರಿಹಿಟ್ಟಿಗೆ ಕೊಟ್ಟಿದ್ದಳು. ಸಾಹೇಬರು ಅದನ್ನ ಕಲಸುತ್ತಾ, ತಲೆ ಎತ್ತದೆ ಹೇಳಿದರು.

"ನಾಳೆ ನಾನು ಒಪ್ಕೊಂಡ್ಬಿಡ್ತೀನಿ ಆಚಾರ್ರೇ. ನಿಮ್ಮನ್ನ ಕೈಬಿಡಲ್ಲ. ರಿಪೇರಿ ಕೆಲಸ ಎಲ್ಲ ನಿಮ್ ಷೆಡ್ಡಿಗೇ."

ನನಗೆ ಸಿಟ್ಟು ಬಂತು. "ನಾನು ಬಸ್ಸು ಕಟ್ಟೋನು ಸಾಹೇಬ್ರೇ, ತೇಪೆ ಹಾಕೋನಲ್ಲ. ಒಪ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಪದ್ಧತಿ ಮುಗಿಸಿ ಒಪ್ಕೊಳ್ಳಿ. ನನ್ನ ಒಂದೊಂದು ಬಸ್ಸಿನ ಮೇಲೂ ಹತ್ತಿ ಕೂತಿದ್ದೀರಿ. ಇದರ ಮೇಲೂ ಕೂತ್ಕೊಳ್ಳಿ."

ಸಾಹೇಬರು ಕಲಸೋದು ನಿಲ್ಲಿಸಿ ತಲೆ ಎತ್ತಿದರು. "ನ್ಯಾಯವಾದ ಮಾತು," ಅಂದರು.

ಕಾರ್ಖಾನೆಯ ಊರು, ಮಾರನೇ ದಿನ

ಏಣಿ ಎಲ್ಲಿ ಅಂತ ಕೇಳಿದೆ. ಕ್ರಾಫ್ಟನ್ನನಿಗೆ ಅರ್ಥವಾಗಲಿಲ್ಲ. ಬಸ್ಸಿಗೆ ಏಣಿ ಯಾಕೆ? ಸಂತೆ ದಿನ ನಮ್ಮ ಬಸ್ಸಿನ ಒಳಗೆ ಇರೋರಿಗಿಂತ ಮೇಲೆ ಇರೋರೇ ಜಾಸ್ತಿ ಅಂತ ಸಾಹೇಬರು ವಿವರಿಸಿದರು. ತರಕಾರಿ ಮಂಕರಿ, ಹುಲ್ಲಿನ ಹೊರೆ, ಮದುವೆ ಬಂದರೆ ಗಂಡಿನ ಕಡೆಯ ದಿಬ್ಬಣ, ಆಡು. ಆಡು ಅಂದಾಗ ಅವನು ತಮಾಷೆ ಅಂದುಕೊಂಡ. ನಮ್ಮ ಮುಖ ನೋಡಿ ನಗು ನಿಲ್ಲಿಸಿದ. ಬಣ್ಣ ಬಳಿಯುವವರ ಏಣಿ ತರಿಸಿದ. ಬಸ್ಸು ಯಾವುದೋ ಪ್ರದರ್ಶನಕ್ಕೆ ಹೋಗಬೇಕು ಅಂತ ಮ್ಯಾನೇಜರು ಗೊಣಗಿದರೂ ಕೇಳಲಿಲ್ಲ.

ಸಾಹೇಬರು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಆಗ ನಾನು, "ನಿಲ್ಲಿ. ಕಟ್ಟಿದವನು ಯಾರು? ಬಂದು ಒಳಗೆ ಕೂತ್ಕೊಳ್ಳಲಿ," ಅಂದೆ.

ಸಾಹೇಬರು ಪದ್ಧತಿಯನ್ನ ಇಂಗ್ಲಿಷಿನಲ್ಲಿ ಹೇಳಿದರು. ಕ್ರಾಫ್ಟನ್ ಕಾರ್ಖಾನೆಯ ಷೆಡ್ಡಿನ ಸುತ್ತ ಕಣ್ಣಾಡಿಸಿದ. ಈ ತುದಿಯಿಂದ ಆ ತುದಿ ತನಕ ಜನ. ಒಬ್ಬ ತಗಡು ಒತ್ತೋನು, ಒಬ್ಬ ಬೆಸೆಯೋನು, ಒಬ್ಬ ಉಜ್ಜೋನು, ಒಬ್ಬ ಗಾಜು ಕೂರಿಸೋನು. ಇದು ನಾನು ಕಟ್ಟಿದ್ದು ಅಂತ ಹೇಳೋಕೆ ಅವರಲ್ಲಿ ಯಾರಿಗೂ ಆಗಲ್ಲ.

"ಹಾಗೆ ಒಬ್ಬರು ಅಂತ ಇಲ್ಲ," ಅಂದ.

"ಹಾಗಾದ್ರೆ ಯಾರು ಕೂರೋರು?"

ಕ್ರಾಫ್ಟನ್ ತಲೆಯ ಮೇಲಿನ ಟೋಪಿ ತೆಗೆದ. "ಈ ಬಸ್ಸಿನ ನಕ್ಷೆ ಬರೆದವನು ನಾನು," ಅಂದು ಒಳಗೆ ಹೋಗಿ, ಟೋಪಿಯನ್ನ ತೊಡೆಯ ಮೇಲಿಟ್ಟುಕೊಂಡು ಕೂತ.

ಸಾಹೇಬರು ಹತ್ತಿದರು. ಅವರು ಸಣ್ಣ ಆಳಲ್ಲ. ಅವರ ಹಿಂದೆ ಟೀ ಬಿಡುವಿನಲ್ಲಿದ್ದ ಕೆಲಸಗಾರರು ನಗುತ್ತಾ ಹತ್ತಿದರು. ಬಸ್ಸು ಅಂಗಳದ ಕಲ್ಲುಹಾಸಿನ ಮೇಲೆ ಸುತ್ತು ಹೊರಟಿತು. ಅರ್ಧ ಸುತ್ತು ಸರಿಯಾಗಿಯೇ ಹೋಯಿತು. ತಿರುವಿನಲ್ಲಿ, ಖಾಲಿ ಎಣ್ಣೆ ಡಬ್ಬವನ್ನ ಮೊಣಕಾಲಿನಲ್ಲಿ ಒತ್ತಿದ ಹಾಗೆ ಒಂದು ಸದ್ದು ಬಂತು. ಬಸ್ಸು ನಿಂತಿತು.

"ಆಚಾರ್ರೇ, ನನ್ನ ಇಳಿಸಿ," ಅಂದರು ಸಾಹೇಬರು ಮೇಲಿಂದ.

ನಾನು ಕಿಟಕಿಯಲ್ಲಿ ಇಣುಕಿದೆ. ಚಾವಣಿ ಬಾಣಲೆಯ ಹಾಗೆ ಕೆಳಕ್ಕೆ ಬಗ್ಗಿ ಕ್ರಾಫ್ಟನ್ನನ ಕೂದಲು ಮುಟ್ಟಿತ್ತು. ಅವನು ಕದಲಿರಲಿಲ್ಲ. ಅಂಗೈಯನ್ನ ಆ ಬಗ್ಗಿದ ಜಾಗಕ್ಕೆ ಇಟ್ಟು ಸುಮ್ಮನೆ ಮೇಲೆ ನೋಡ್ತಿದ್ದ. ಗೆದ್ದೆ ಅಂತ ನನಗೆ ಗೊತ್ತಾಗಿತ್ತು, ಆದರೂ ನಗು ಬರಲಿಲ್ಲ. ತನ್ನ ಕೆಲಸದ ಕೆಳಗೆ ತಾನೇ ಕೂತು ಅದು ಬಗ್ಗೋದನ್ನ ನೋಡೋ ಭಯ ಏನು ಅಂತ ನನಗೆ ಗೊತ್ತು. ವರ್ಷ ವರ್ಷ ಆ ಜಾಗದಲ್ಲಿ ಕೂತವನು ನಾನು.

ಅವನು ಈಚೆ ಬಂದು, ನಮ್ಮ ದೇಶದಲ್ಲಿ ಯಾರೂ ಮೇಲೆ ಹತ್ತಲ್ಲ, ಅದನ್ನ ಎಣಿಕೆಗೆ ತಗೊಳ್ಳಲಿಲ್ಲ ಅಂದ. ನಿಮ್ಮ ದೇಶಕ್ಕೆ ಇದು ಒಳ್ಳೇ ಬಸ್ಸು ಅಂತ ನಾನೂ ಮನಸಾರೆ ಹೇಳಿದೆ. ಮ್ಯಾನೇಜರು ತಲೆ ಮೇಲೆ ಕೈಹೊತ್ತು ನಿಂತಿದ್ದರು. ಕ್ರಾಫ್ಟನ್ ನಮ್ಮನ್ನ ಮತ್ತೆ ನಕ್ಷೆಯ ಮುಂದೆ ನಿಲ್ಲಿಸಿ, ಕೆ ತಳದ ಮೇಲೆ ಏನೇನು ಕಟ್ಟಿದ್ದೀಯ ಅಂತ ಕೇಳಿದ. ಇದ್ದಿಲು ಒಲೆಯ ಕತೆ ಹೇಳಿದೆ. ಅವನ ಕಣ್ಣು ಅರಳಿತು. ಯುದ್ಧದಲ್ಲಿ ಅವರ ಬಸ್ಸುಗಳ ಹಿಂದೆಯೂ ಆ ಒಲೆ ಇತ್ತಂತೆ. ಹೊಸ ಬಸ್ಸಿನ ಬೆನ್ನು ಕೊರೆದರೆ ಇಡೀ ಪೆಟ್ಟಿಗೆ ಸಡಿಲವಾಗುತ್ತೆ ಅಂತ ತಾನೇ ಒಪ್ಪಿದ.

ಅವರ ಸರ್ಕಾರ ಆಗ ಹೊರದೇಶಕ್ಕೆ ಮಾಲು ಮಾರಿದವರಿಗೇ ಉಕ್ಕು ಕೊಡ್ತಿತ್ತು. ಹೊರದೇಶದವರಿಗೆ ಬೇಕಾದ ತಳವನ್ನೇ ಅಳಿಸಿದರೆ ಉಕ್ಕು ಎಲ್ಲಿಂದ ಬರುತ್ತೆ ಅಂತ ಅವನು ಮೇಲಿನವರ ಜೊತೆ ಜಗಳಕ್ಕೇ ಬಿದ್ದನಂತೆ. ನಾವು ಆ ಊರು ಬಿಡೋ ಮೊದಲು ಸುದ್ದಿ ಬಂತು. ಕೆ ಉಳಿಯುತ್ತೆ, ಹೊರದೇಶಕ್ಕೆ ಮಾತ್ರ, ಬಾಲಕ್ಕೆ ಹೊಸ ಅಕ್ಷರ ಸೇರಿಸಿ. ಆ ಅಕ್ಷರಕ್ಕೆ ಭಾರಿ ಕೆಲಸ ಅಂತ ಅವರ ಪುಸ್ತಕದಲ್ಲಿ ಅರ್ಥ ಬರೆದಿದ್ದಾರೆ. ಆಡು ಅಂತ ನಾನೂ ಸಾಹೇಬರೂ ತಿಳಕೊಂಡಿದ್ದೀವಿ.

ವಾಪಸ್ ರೈಲಿನಲ್ಲಿ ಸಾಹೇಬರು ಪಕ್ಕದ ಕಿಟಕಿಯನ್ನ ಒಂದು ಸಲ ತೆಗೆದು, ಒಂದು ಸಲ ಮುಚ್ಚಿ, ನನ್ನ ಕಡೆ ತಿರುಗಿದರು.

"ಆ ಜಾರೋ ಕಿಟಕಿ ನೀವು ಹಾಕಬಹುದಾ?"

"ಹಾಕ್ತೀನಿ."

"ಧೂಳು?"

"ಅದಕ್ಕೂ ಏನಾದ್ರೂ ಮಾಡ್ತೀನಿ," ಅಂದೆ. ಏನು ಮಾಡಬೇಕು ಅಂತ ಆಗ ನನಗೂ ಗೊತ್ತಿರಲಿಲ್ಲ.

ಮತ್ತೆ ಹೊಸಕೋಟೆ

ಚಾಸಿ ಮದರಾಸಿನಿಂದ ಬಂತು, ಪೆಟ್ಟಿಗೆ, ಹಗ್ಗ, ಧೂಳು ಹಿಡಿದ ಡ್ರೈವರು ಸಮೇತ. ಕೆಳಗೆ ಮಲಗಿ ಹೆಸರಿನ ಪಟ್ಟಿ ಓದಿದೆ. ಮೊದಲು ಕೆ, ಆಮೇಲೆ ಅಂಕಿ, ಕೊನೆಗೆ ನಮ್ಮ ಆಡು. ಎದ್ದುಬಂದು ಎಲ್ಲರಿಗೂ ಕಾಫಿ ತರಿಸಿದೆ.

ಕಿಟಕಿಗೆ ಜಾರುವ ಗಾಜು ಹಾಕಿದೆ. ಸಂದಿಗಳಿಗೆಲ್ಲ ಕಂಬಳಿ ಪಟ್ಟಿ ಕೊಟ್ಟೆ. ಧೂಳು ಪೂರಾ ನಿಂತಿಲ್ಲ. ಪಂಚೆ ಈಗ ಕೆಂಪಾಗಲ್ಲ, ಕಾವಿಯಾಗುತ್ತೆ.

ಪೂಜೆ ಆಯಿತು, ನಿಂಬೆಹಣ್ಣು ಆಯಿತು. ಸಾಹೇಬರ ಮಕ್ಕಳು, ಅಳಿಯಂದಿರು, ಕಂಡಕ್ಟರುಗಳು, ನಮ್ಮ ಷೆಡ್ಡಿನವರು ಎಲ್ಲ ಮೇಲೆ ಹತ್ತಿದರು. ಯಾರೋ ಒಂದು ಆಡನ್ನೂ ಹತ್ತಿಸಿದರು. ನಾನು ಒಳಗೆ ನನ್ನ ಜಾಗದಲ್ಲಿ ಕೂತೆ. ಸಾಹೇಬರು ಏಣಿಯ ಮೇಲೆ ಕಾಲಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಕಿಟಕಿಯಲ್ಲಿ ಕಂಡಿತು. ಆಮೇಲೆ ಕಾಲು ತೆಗೆದರು. ಬಾಗಿಲಿಂದ ಒಳಗೆ ಬಂದು ನನ್ನ ಪಕ್ಕ ಕೂತರು.

"ಯಜಮಾನ್ರು ಮೇಲೆ ಕೂರಬೇಕು ಸಾಹೇಬ್ರೇ," ಅಂದೆ.

"ಅಲ್ಲಿ ಆ ಕ್ರಾಫ್ಟನ್ ಒಬ್ನೇ ಕೂತಿದ್ದ, ಪಾಪ. ಸುಮ್ನೆ ಓಡಿಸೋಕೆ ಹೇಳಿ."

ಬಸ್ಸು ಕೆರೆ ಏರಿ ಹತ್ತಿತು. ಮೇಲೆ ಜನ ಕಾಲು ಬಡೀತಾ ಕೂಗ್ತಿದ್ದರು, ಆಡೂ ಅರಚ್ತಿತ್ತು. ಕಮಾನು ಒಂದೊಂದೂ ಕಿರುಗುಟ್ಟಿತು. ಸಾಹೇಬರು ಚಾವಣಿಯಿಂದ ಕಣ್ಣು ತೆಗೆಯದೆ ನನ್ನ ಕೈ ಬಿಗಿಯಾಗಿ ಹಿಡಿದರು.

"ಭಯಾನಾ ಸಾಹೇಬ್ರೇ?"

"ಭಯ ಇದ್ದಿದ್ರೆ ಮೇಲೆ ಕೂತಿರ್ತಿದ್ದೆ," ಅಂದರು.